ಓಘಮ್ ಅಕ್ಷರನಾಮಗಳು: ಮರಗಳ ಮರೆಯಲ್ಲಿ ಉಳಿದ ಅರ್ಥಗಳು

ಐರ್ಲೆಂಡಿನ ಅತಿ ಪ್ರಾಚೀನ ಲಿಪಿಯಾದ ಓಘಮ್ ಅನ್ನು ಜನಪ್ರಿಯ ಬರಹಗಳು ‘ವೃಕ್ಷಲಿಪಿ’ ಎಂದೇ ಪರಿಚಯಿಸುತ್ತವೆ. ಅದರ ಒಂದೊಂದು ಅಕ್ಷರಕ್ಕೂ ಒಂದೊಂದು ಮರದ ಹೆಸರಿದೆ, ಪ್ರಾಚೀನ ಕೆಲ್ಟರ ವನದೇವತಾರಾಧನೆ ಆ ಹೆಸರುಗಳಲ್ಲಿ ಅಡಗಿದೆ ಎಂಬ ಮಾತು ಎಷ್ಟು ಸಲ ಪುನರುಕ್ತವಾಗಿದೆಯೆಂದರೆ, ಅದನ್ನು ಪರೀಕ್ಷಿಸುವ ಅಗತ್ಯವೇ ಅನೇಕರಿಗೆ ಕಂಡಿಲ್ಲ. ಪರೀಕ್ಷಿಸಿದಾಗ ದೊರೆಯುವ ಚಿತ್ರ ಬೇರೆ. ಮೂಲದ ಇಪ್ಪತ್ತು ಅಕ್ಷರನಾಮಗಳಲ್ಲಿ ನಿಸ್ಸಂಶಯವಾಗಿ ಮರಗಳನ್ನು ಸೂಚಿಸುವವು ಐದಾರು ಮಾತ್ರ. ಉದಾರವಾಗಿ ಎಣಿಸಿದರೂ ಎಂಟನ್ನು ದಾಟವು. ಉಳಿದವು ಭಯ, ಗಂಧಕ, ಹೊಲ, ಮಣ್ಣು, ಲೋಹದ ಗಟ್ಟಿ, ಕೆಂಪು ಮುಂತಾದ ಅರ್ಥಗಳನ್ನು ಹೇಳುತ್ತವೆ. ಈ ಹೆಸರುಗಳನ್ನೆಲ್ಲ ಮರಗಳಾಗಿ ಓದುವುದರಿಂದ ಒಂದು ಭಾಷೆಯ ಧ್ವನಿಚರಿತ್ರೆಗೆ ಅಮೂಲ್ಯವಾದ ಸಾಕ್ಷ್ಯ ಮರೆಯಾಗುತ್ತದೆ. ಅದರೊಡನೆ ಆ ಭಾಷೆಯ ಕವಿಗಳು ಕಟ್ಟಿದ ಅರ್ಥಲೋಕವೂ ಮರೆಯಾಗುತ್ತದೆ.

ಲಿಪಿಯ ಸ್ವರೂಪ

ಓಘಮ್ ಶಾಸನಗಳ ಕಾಲವನ್ನು ಸ್ಥೂಲವಾಗಿ ಕ್ರಿ.ಶ. 4ರಿಂದ 7ನೆಯ ಶತಮಾನದವರೆಗೆ ಎಂದು ನಿರ್ಧರಿಸಲಾಗಿದೆ. ಕನ್ನಡದ ವಿದ್ಯಾರ್ಥಿಗೆ ಕಾಲದ ಅಂದಾಜು ಸಿಗಬೇಕಾದರೆ, ಹಲ್ಮಿಡಿ ಶಾಸನ ಹುಟ್ಟಿದ ಶತಮಾನದಲ್ಲೇ ಐರ್ಲೆಂಡಿನ ನೈಋತ್ಯ ಭಾಗದಲ್ಲಿ ಈ ಕಲ್ಲುಗಳನ್ನು ಕೆತ್ತಲಾಗುತ್ತಿತ್ತು ಎಂಬುದನ್ನು ನೆನೆಯಬಹುದು. ಇದುವರೆಗೆ ಸುಮಾರು 400 ಶಿಲಾಶಾಸನಗಳು ದೊರೆತಿವೆ. ಕೆರ್ರಿ, ಕಾರ್ಕ್, ವಾಟರ್‌ಫರ್ಡ್ ಪ್ರಾಂತಗಳಲ್ಲಿ ಅವುಗಳ ಸಾಂದ್ರತೆ ಹೆಚ್ಚು. ಐರಿಷ್ ಸಮುದ್ರದ ಆಚೆ ವೇಲ್ಸ್, ಕಾರ್ನ್‌ವಾಲ್, ಮ್ಯಾನ್ ದ್ವೀಪ ಹಾಗೂ ಸ್ಕಾಟ್ಲೆಂಡುಗಳಲ್ಲಿಯೂ ಅವು ಕಂಡುಬರುತ್ತವೆ.

ಬರವಣಿಗೆಯ ಕ್ರಮ ಸರಳ. ನಿಲ್ಲಿಸಿದ ಕಲ್ಲಿನ ಅಂಚೇ ಆಧಾರರೇಖೆ. ಆ ಅಂಚಿನ ಬಲಕ್ಕೆ, ಎಡಕ್ಕೆ ಅಥವಾ ಅಡ್ಡಲಾಗಿ ಒಂದರಿಂದ ಐದರವರೆಗೆ ಗೀರುಗಳನ್ನು ಎಳೆದರೆ ವ್ಯಂಜನಗಳಾಗುತ್ತವೆ. ಅಂಚಿನ ಮೇಲೆಯೇ ಕಚ್ಚುಗಳನ್ನು ಮಾಡಿದರೆ ಸ್ವರಗಳಾಗುತ್ತವೆ. ಓದುವುದು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ. ಐದೈದು ಅಕ್ಷರಗಳ ನಾಲ್ಕು ಗುಂಪುಗಳಿವೆ. ಗುಂಪಿಗೆ ‘ಅಕ್ಮೆ’ ಎಂದು ಹೆಸರು, ಕುಲ ಅಥವಾ ವರ್ಗ ಎಂದು ಅದರ ಅರ್ಥ. ಸ್ವರಗಳನ್ನು ಪ್ರತ್ಯೇಕವಾಗಿ ಒಂದು ವರ್ಗದಲ್ಲಿಟ್ಟಿರುವುದನ್ನು ಗಮನಿಸಿದರೆ ಈ ಲಿಪಿಯನ್ನು ರೂಪಿಸಿದವರಿಗೆ ವ್ಯಾಕರಣದ ಪರಿಚಯವಿತ್ತೆಂಬುದು ಸ್ಪಷ್ಟವಾಗುತ್ತದೆ. ಶಾಸನಗಳ ವಸ್ತುವಾದರೋ ಅತ್ಯಂತ ಮಿತವಾದುದು: ಇಂಥವನ, ಇಂಥವನ ಮಗನ, ಇಂಥ ಕುಲದವನ ಎಂದು ಷಷ್ಠೀವಿಭಕ್ತಿಯಲ್ಲಿ ಬರೆದ ವ್ಯಕ್ತಿನಾಮಗಳು.

ಇಲ್ಲಿ ವಿಧಾನದ ದೃಷ್ಟಿಯಿಂದ ಮುಖ್ಯವಾದ ಒಂದು ಸಂಗತಿಯಿದೆ. ಅಕ್ಷರಗಳ ಹೆಸರುಗಳು ಯಾವ ಕಲ್ಲಿನ ಮೇಲೂ ಪಟ್ಟಿಯಾಗಿ ದೊರೆತಿಲ್ಲ. ಅವು ಬಂದಿರುವುದು ಶತಮಾನಗಳ ಅನಂತರದ ಹಸ್ತಪ್ರತಿಗಳಿಂದ. ಅವುಗಳಲ್ಲಿ ‘ಔರಕೆಪ್ತ್ ನ ನೇಗೆಸ್’ ಎಂಬ ಕವಿಶಿಕ್ಷಾಗ್ರಂಥವೂ ‘ಓಘಮ್ ಪುಸ್ತಕ’ವೆಂದು ಕರೆಯಲಾಗುವ ಕೃತಿಯೂ ಪ್ರಧಾನವಾದವು, 14ನೆಯ ಶತಮಾನದ ಕೊನೆಯಲ್ಲಿ ಸಿದ್ಧವಾದ ‘ಬ್ಯಾಲಿಮೋಟ್ ಪುಸ್ತಕ’ ಎಂಬ ಸಂಕಲನದಲ್ಲಿ ಇವೆರಡೂ ಉಳಿದುಬಂದಿವೆ. ಹೆಸರುಗಳು ಪ್ರಾಚೀನ, ಅವುಗಳ ಮೇಲೆ ಬರೆದ ವ್ಯಾಖ್ಯಾನಗಳು ಮಧ್ಯಯುಗದವು. ಈ ಎರಡು ಪದರಗಳನ್ನು ಬೆರೆಸಿದ್ದೇ ವೃಕ್ಷಲಿಪಿಯ ಕಲ್ಪನೆಗೆ ಮೂಲ.

ಹೆಸರುಗಳು ಹೇಳುವುದೇನು?

ಮೊದಲ ವರ್ಗದ ಹೆಸರುಗಳು ಬೆಥೆ, ಲುಶ್, ಫೆರ್ನ್, ಸಲ್, ನಿನ್. ಇವುಗಳಲ್ಲಿ ಬೆಥೆ ಎಂದರೆ ಭೂರ್ಜವೃಕ್ಷ, ಫೆರ್ನ್ ಎಂದರೆ ನೀರಂಚಿನಲ್ಲಿ ಬೆಳೆಯುವ ಆಲ್ಡರ್ ಮರ, ಸಲ್ ಎಂದರೆ ವಿಲೋ ಮರ. ಲುಶ್ ಎಂಬುದರ ಮೂಲ ‘ಜ್ವಾಲೆ’ ಅಥವಾ ‘ಸೊಪ್ಪು’. ನಿನ್ ಎಂಬುದರ ಮೂಲ ‘ಕವಲು’ ಅಥವಾ ‘ಅಟ್ಟ’. ಎರಡನೆಯ ವರ್ಗದಲ್ಲಿ ದರ್ ಎಂಬುದು ಓಕ್ ಮರ, ಕೊಲ್ ಎಂಬುದು ಹೇಜಲ್ ಮರ. ಅದೇ ವರ್ಗದ ಊಅಥ್ ಎಂದರೆ ಭಯ, ತಿನ್ನೆ ಎಂದರೆ ಲೋಹದ ಗಟ್ಟಿ, ಕೆರ್ತ್ ಎಂದರೆ ಪೊದೆ.

ಮೂರನೆಯ ವರ್ಗಕ್ಕೆ ಬಂದರೆ ಒಂದು ಮರವೂ ಸಿಗುವುದಿಲ್ಲ. ಮುನ್ ಎಂಬುದಕ್ಕೆ ಕತ್ತು, ಉಪಾಯ, ಆದರ ಎಂದು ಮೂರು ಅರ್ಥಗಳು ಸಾಧ್ಯ; ಗೊರ್ತ್ ಎಂದರೆ ಹೊಲ; ಙೇದಲ್ ಎಂದರೆ ಗಾಯಗೊಳಿಸುವುದು, ಕೊಲ್ಲುವುದು; ಸ್ತ್ರಫ್ ಎಂದರೆ ಗಂಧಕ; ರುಶ್ ಎಂದರೆ ಕೆಂಪು. ಸ್ವರಗಳ ವರ್ಗದಲ್ಲಿ ಒನ್ ಎಂಬುದು ಆಶ್ ಮರದ ಹಳೆಯ ಹೆಸರು. ವೆಲ್ಷ್ ಭಾಷೆಯಲ್ಲಿ ಇಂದಿಗೂ ಆ ಮರಕ್ಕೆ ಇದೇ ಮೂಲದ ಹೆಸರಿದೆ. ಅಲ್ಮ್ ಪೈನ್ ಮರವಿರಬಹುದೆಂಬ ಅಭಿಪ್ರಾಯಕ್ಕೆ ಕ್ಷೀಣವಾದ ಆಧಾರವಿದೆ. ಊರ್ ಎಂದರೆ ಮಣ್ಣು. ಎದದ್ ಮತ್ತು ಇದದ್ ಎಂಬ ಜೋಡಿಯ ಅರ್ಥ ತಿಳಿಯದು. ಪ್ರಾಸಕ್ಕಾಗಿ ಜೋಡಿಸಿದ ಕೃತಕ ರೂಪಗಳಂತೆ ಅವು ತೋರುತ್ತವೆ. ಗಾಥಿಕ್ ಅಕ್ಷರನಾಮಗಳಲ್ಲಿಯೂ ಇಂಥ ಪ್ರಾಸಜೋಡಿಯೊಂದು ಇದೆ.

ಈ ನಿರ್ಣಯಗಳು ಯಾರೋ ಒಬ್ಬರ ಊಹೆಯಿಂದ ಬಂದವಲ್ಲ. ಡಾಮಿಯನ್ ಮೆಕ್‌ಮೇನಸ್ 1988ರಲ್ಲಿ ‘ಏರಿಯು’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿಯೂ 1991ರ ‘ಓಘಮ್ ಕೈಪಿಡಿ’ಯಲ್ಲಿಯೂ ಒಂದೊಂದು ಹೆಸರನ್ನೂ ಭಾಷಾಶಾಸ್ತ್ರದ ಒರೆಗೆ ಹಚ್ಚಿ ತೋರಿಸಿದ್ದಾರೆ. ಅದಾಗಿ ಮೂರು ದಶಕಗಳು ಕಳೆದರೂ ಮರಗಳ ಪಟ್ಟಿಯೇ ಪ್ರಚಾರದಲ್ಲಿದೆ.

ಮೂವರು ಗುರುಗಳ ಒಗಟುಗಳು

ಹೆಸರಿನ ಮೂಲಾರ್ಥವನ್ನು ಹುಡುಕಲು ವಿದ್ವಾಂಸರಿಗೆ ನೆರವಾದುದು ‘ಬ್ರೀಅಥರ್ ಓಘಮ್’ ಎಂಬ ವಿಶಿಷ್ಟ ಪಠ್ಯ. ಪ್ರತಿ ಅಕ್ಷರಕ್ಕೂ ಎರಡು ಪದಗಳ ಒಂದು ಗೂಢೋಕ್ತಿ ಇಲ್ಲಿದೆ. ಕನ್ನಡದ ಒಗಟಿನಂತೆ ಇದು ವಸ್ತುವನ್ನು ಹೆಸರಿಸದೆ ಅದರ ಗುಣವನ್ನೋ ಕಾರ್ಯವನ್ನೋ ಹೇಳಿ ಬಿಡುತ್ತದೆ. ಇಂಥ ಮೂರು ಸರಣಿಗಳು ಉಳಿದಿದ್ದು, ಅವುಗಳನ್ನು ಮೊರನ್ ಮಕ್ ಮೋಯ್ನ್, ಮಕ್ ಇಂದ್ ಓಗ್ ಮತ್ತು ಕೂ ಖುಲನ್ ಎಂಬ ಪುರಾಣಪುರುಷರಿಗೆ ಆರೋಪಿಸಲಾಗಿದೆ. ಒಂದೇ ಅಕ್ಷರವನ್ನು ಕುರಿತ ಮೂರು ಗೂಢೋಕ್ತಿಗಳಿಗೂ ಹೊಂದುವ ಶಬ್ದವೇ ಅದರ ನಿಜವಾದ ಹೆಸರು ಎಂಬ ಸೂತ್ರದಿಂದ ಹೊರಟರೆ ದಾರಿ ತೆರೆಯುತ್ತದೆ.

ಊಅಥ್ ಅಕ್ಷರವನ್ನು ನೋಡಬಹುದು. ಒಂದು ಉಕ್ತಿ ನಾಯಿಗಳ ಹಿಂಡು ಕೂಡುವುದನ್ನು ಹೇಳುತ್ತದೆ. ಇನ್ನೊಂದು ರಾತ್ರಿಯಲ್ಲಿ ಎಲ್ಲಕ್ಕಿಂತ ಕಷ್ಟವಾದುದನ್ನು. ಮತ್ತೊಂದು ಮುಖ ಬಿಳಿಚಿಕೊಳ್ಳುವುದನ್ನು. ಈ ಮೂರನ್ನೂ ಬೆಸೆಯುವ ಶಬ್ದ ಭಯ. ರುಶ್ ಅಕ್ಷರಕ್ಕೆ ಬಂದರೆ ನಾಚಿಕೆಯಿಂದ ಕೆಂಪೇರುವುದು, ಮುಖಕ್ಕೆ ರಂಗು ಬರುವುದು, ಕೋಪದ ಕಾವು ಎಂಬ ಮೂರು ಸೂಚನೆಗಳು, ಉತ್ತರ ಕೆಂಪು. ಊರ್ ಅಕ್ಷರದ ಉಕ್ತಿಗಳು ಇನ್ನೂ ಮಾರ್ಮಿಕವಾದವು: ತಣ್ಣನೆಯ ವಾಸಸ್ಥಾನ, ಸಸ್ಯಗಳ ಹರಡುವಿಕೆ, ನಿರ್ಜೀವನ ಹೊದಿಕೆ. ಬಿತ್ತನೆಯನ್ನೂ ಸಮಾಧಿಯನ್ನೂ ಒಂದೇ ಶಬ್ದದಲ್ಲಿ ಹಿಡಿದಿರುವ ಮಣ್ಣು ಇಲ್ಲಿಯ ಉತ್ತರ. ತಿನ್ನೆಯ ಉಕ್ತಿಗಳು ಗಾಲಿಯ ಮೂರನೆಯ ಒಂದು ಭಾಗ, ಇದ್ದಿಲಿನ ಮಜ್ಜೆ, ಆಯುಧದ ಮೂರನೆಯ ಒಂದು ಭಾಗ ಎನ್ನುತ್ತವೆ. ಕಮ್ಮಾರನ ಕುಲುಮೆಯನ್ನು ಬಲ್ಲವನಿಗೆ ಇದು ಲೋಹ ಎಂದು ತಿಳಿಯಲು ತಡವಾಗದು. ಙೇದಲ್ ಅಕ್ಷರಕ್ಕೆ ವೈದ್ಯರ ಜೀವನಾಧಾರ, ವೈದ್ಯರ ಉಡುಗೆ, ಕೊಲೆಯ ಆರಂಭ ಎಂಬ ಸೂಚನೆಗಳಿವೆ. ಗಾಯವೇ ವೈದ್ಯನಿಗೆ ಅನ್ನ, ಗಾಯವೇ ಸಾವಿಗೆ ಮುನ್ನುಡಿ. ಇಷ್ಟು ತೀಕ್ಷ್ಣವಾದ ವ್ಯಂಗ್ಯವನ್ನು ಒಳಗೊಂಡ ಹೆಸರನ್ನು ಮಧ್ಯಯುಗದ ಟೀಕಾಕಾರ ಹಳದಿ ಹೂ ಬಿಡುವ ಒಂದು ಪೊದೆಯ ಹೆಸರೆಂದು ಬರೆದಿಟ್ಟ.

ಟೀಕಾಕಾರನ ವಿಧಾನವೂ ಕುತೂಹಲಕರವಾಗಿದೆ. ಉಕ್ತಿಯನ್ನು ಉಳಿಸಿಕೊಂಡು ಅದಕ್ಕೆ ಒಂದು ಮರವನ್ನು ಹೊಂದಿಸುವುದು ಅವನ ಕ್ರಮ. ಭಯದ ಹೆಸರುಳ್ಳ ಅಕ್ಷರಕ್ಕೆ ಹಾಥಾರ್ನ್ ಎಂಬ ಮುಳ್ಳುಮರವನ್ನು ಆರಿಸಿ, ಅದರ ಮುಳ್ಳುಗಳು ಭಯಂಕರವಾದುದರಿಂದ ಈ ಹೆಸರು ಎಂದ. ಗಾಲಿಯ ಮೂರನೆಯ ಒಂದು ಭಾಗಕ್ಕೆ, ರಥದ ಗಾಲಿಗೆ ಬಳಸುವ ಮೂರು ಜಾತಿಯ ಮರಗಳಲ್ಲಿ ಹಾಲಿ ಮರವೂ ಒಂದೆಂದು ಸಮಾಧಾನ ಹೇಳಿದ. ಕಣ್ಣಿನ ಕಾಂತಿ ಎಂಬರ್ಥದ ಉಕ್ತಿಗೆ ಚೆಲುವಾದ ಹಣ್ಣುಗೊಂಚಲುಳ್ಳ ರೋವನ್ ಮರ ಒದಗಿ ಬಂತು. ಪ್ರತಿಯೊಂದು ಸಮಾಧಾನವೂ ಜಾಣತನದ್ದು. ಆದರೆ ಮೂರು ಉಕ್ತಿಗಳನ್ನು ಒಟ್ಟಿಗೆ ಇಟ್ಟಾಗ ಯಾವುದೂ ನಿಲ್ಲದು.

‘ಮರ’ ಎಂಬ ಪಾರಿಭಾಷಿಕ

ಹಾಗಾದರೆ ಟೀಕಾಕಾರನಿಗೆ ಎಲ್ಲೆಡೆಯೂ ಮರವೇ ಏಕೆ ಕಂಡಿತು? ಉತ್ತರ ಪರಿಭಾಷೆಯಲ್ಲಿದೆ. ಹಳೆಯ ಐರಿಷಿನಲ್ಲಿ ಓಘಮ್ ಅಕ್ಷರಕ್ಕೆ ‘ಫಿದ್’ ಎಂಬ ಶಬ್ದವನ್ನು ಬಳಸುತ್ತಿದ್ದರು. ಮರ, ಕಟ್ಟಿಗೆ ಎಂದು ಅದರ ವಾಚ್ಯಾರ್ಥ. ಗೀರಿಗೆ ‘ಫ್ಲೆಸ್ಕ್’, ಅಂದರೆ ಕಡ್ಡಿ. ಅಕ್ಷರವನ್ನೇ ಮರ ಎಂದು ಕರೆದಮೇಲೆ ಅದರ ಹೆಸರೂ ಮರದ್ದೇ ಆಗಿರಬೇಕೆಂಬ ತರ್ಕ ಸಹಜವಾಗಿ ಹುಟ್ಟಿತು. ವರ್ಣಮಾಲೆಯ ಮೊದಲ ಅಕ್ಷರ ಭೂರ್ಜವಾಗಿದ್ದುದೂ ಓಗ್ಮನು ಲುಗ್ ಎಂಬವನಿಗೆ ಅವನ ಹೆಂಡತಿಯ ಅಪಹರಣದ ಬಗ್ಗೆ ಎಚ್ಚರಿಸಲು ಭೂರ್ಜದ ಕೋಲಿನ ಮೇಲೆ ಏಳು ಬಕಾರಗಳನ್ನು ಕೆತ್ತಿದನೆಂಬ ಐತಿಹ್ಯವೂ ಈ ತರ್ಕಕ್ಕೆ ಬಲ ನೀಡಿದವು.

ಈ ತರ್ಕ ಎಲ್ಲಿ ಎಡವುತ್ತದೆಂಬುದು ಭಾರತೀಯ ಭಾಷೆಗಳನ್ನು ಬಲ್ಲವರಿಗೆ ಬೇಗ ಅರಿವಾಗುತ್ತದೆ. ‘ಪತ್ರ’ ಎಂದರೆ ಎಲೆ. ‘ಓಲೆ’ ಎಂದರೆ ತಾಳೆಯ ಗರಿ. ಕಾಂಡ, ಪರ್ವ, ಸ್ಕಂಧ, ಶಾಖೆ ಇವೆಲ್ಲ ಗಿಡಮರಗಳ ಅವಯವಗಳಿಂದ ಬಂದ ಗ್ರಂಥವಿಭಾಗಗಳ ಹೆಸರುಗಳು. ಆದಿಪರ್ವ, ಸಭಾಪರ್ವಗಳ ವಸ್ತು ಬಿದಿರಿನ ಗಿಣ್ಣು ಎಂದು ಯಾರೂ ಹೇಳುವುದಿಲ್ಲ. ಬರವಣಿಗೆಯ ಸಾಧನಗಳಿಂದಲೋ ಆಕೃತಿಯಿಂದಲೋ ಪರಿಭಾಷೆ ಹುಟ್ಟುತ್ತದೆ. ಆ ಪರಿಭಾಷೆ ಬರಹದ ಒಳಗಿನ ಅರ್ಥವನ್ನು ನಿರ್ಧರಿಸುವುದಿಲ್ಲ. ಓಘಮ್ ಅಕ್ಷರವನ್ನು ‘ಮರ’ ಎಂದು ಕರೆದುದು ಕೋಲಿನ ಮೇಲೆ ಕೆತ್ತುತ್ತಿದ್ದ ಪದ್ಧತಿಯಿಂದ ಅಥವಾ ಕಾಂಡದಿಂದ ಹೊರಟ ಕೊಂಬೆಗಳಂಥ ಗೀರುಗಳ ಆಕಾರದಿಂದ ಬಂದಿರಬಹುದು. ಅದಕ್ಕೂ ಊಅಥ್ ಅಥವಾ ಗೊರ್ತ್ ಎಂಬ ಹೆಸರಿಗೂ ಸಂಬಂಧವಿಲ್ಲ.

ಹೆಸರು ಕಾಪಾಡಿದ ಧ್ವನಿ

ಅಕ್ಷರನಾಮಗಳ ನಿಜವಾದ ಮಹತ್ತ್ವ ಧ್ವನಿಚರಿತ್ರೆಯಲ್ಲಿದೆ. ಹೆಸರಿನ ಆದಿಧ್ವನಿಯೇ ಅಕ್ಷರದ ಧ್ವನಿ ಎಂಬುದು ಓಘಮ್ ಪದ್ಧತಿಯ ಮೂಲತತ್ತ್ವ. ಕನ್ನಡದಲ್ಲಿ ‘ಕಕಾರ’, ‘ಮಕಾರ’ ಎಂದು ಧ್ವನಿಯನ್ನೇ ಹೆಸರಾಗಿಸುವ ಕ್ರಮವಿರುವುದರಿಂದ ಭಾಷೆ ಎಷ್ಟು ಬದಲಾದರೂ ಹೆಸರಿಗೆ ಬಾಧೆಯಿಲ್ಲ. ಗ್ರೀಕರು ‘ಆಲ್ಫ’, ‘ಬೀಟ’ ಎಂಬ ಹೆಸರುಗಳನ್ನು ಸೆಮಿಟಿಕ್ ಮೂಲದಿಂದ ಪಡೆದುದರಿಂದ ಅವರಿಗೆ ಅವು ಅರ್ಥಹೀನ ಧ್ವನಿಗಳಾಗಿ ಉಳಿದವು. ಐರಿಷರ ಅಕ್ಷರನಾಮಗಳಾದರೋ ಅವರದೇ ನುಡಿಯ ಬಳಕೆಯ ಶಬ್ದಗಳು. ನುಡಿ ಬದಲಾದಂತೆ ಹೆಸರೂ ಬದಲಾಯಿತು. ಹೆಸರಿನೊಡನೆ ಅಕ್ಷರದ ಬೆಲೆಯೂ ಬದಲಾಯಿತು.

ಕನ್ನಡದಲ್ಲಿ ಪಕಾರಕ್ಕೆ ‘ಪಾಲ್’ ಎಂಬ ಹೆಸರು ಇದ್ದಿತೆಂದು ಕಲ್ಪಿಸಿಕೊಳ್ಳಬಹುದು. ನಡುಗನ್ನಡದ ಹೊತ್ತಿಗೆ ಆ ಹೆಸರು ‘ಹಾಲು’ ಆಗುತ್ತಿತ್ತು. ಹೆಸರನ್ನು ನೆಚ್ಚಿದ ವಿದ್ಯಾರ್ಥಿ ಆ ಅಕ್ಷರವನ್ನು ಹಕಾರವೆಂದು ಓದುತ್ತಿದ್ದ. ಫೆರ್ನ್ ಅಕ್ಷರಕ್ಕೆ ಆದದ್ದು ಇದೇ. ಶಾಸನಕಾಲದಲ್ಲಿ ಆ ಶಬ್ದ ವಕಾರದಿಂದ ಆರಂಭವಾಗುತ್ತಿತ್ತು, ಅಕ್ಷರದ ಧ್ವನಿಯೂ ವಕಾರವೇ. ಮುಂದೆ ಐರಿಷಿನಲ್ಲಿ ಪದಾದಿಯ ವಕಾರ ಫಕಾರವಾಯಿತು. ಹೆಸರು ಫೆರ್ನ್ ಆಯಿತು. ಹಸ್ತಪ್ರತಿಗಳು ಅಕ್ಷರಕ್ಕೆ ಫಕಾರದ ಬೆಲೆಯನ್ನು ಕೊಟ್ಟವು. ಕಲ್ಲಿನ ಸಾಕ್ಷ್ಯವನ್ನೂ ಹೆಸರಿನ ನಿಷ್ಪತ್ತಿಯನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಈ ಪಲ್ಲಟ ಕಾಣುತ್ತದೆ.

ಕೆರ್ತ್ ಅಕ್ಷರದ ಕಥೆ ಇನ್ನೂ ಸ್ವಾರಸ್ಯಕರ. ಹಸ್ತಪ್ರತಿಗಳ ಕಾಲದ ಉಚ್ಚಾರಣೆಯಲ್ಲಿ ಕೊಲ್ ಮತ್ತು ಕೆರ್ತ್ ಎರಡರ ಆದಿಧ್ವನಿಯೂ ಕಕಾರ. ಒಂದೇ ಧ್ವನಿಗೆ ಎರಡು ಅಕ್ಷರಗಳೇಕೆ ಎಂಬ ಪ್ರಶ್ನೆಗೆ ಶಾಸನಗಳು ಉತ್ತರ ಕೊಡುತ್ತವೆ. ಅಲ್ಲಿ ‘ಮಗನ’ ಎಂಬರ್ಥದ ಶಬ್ದ ‘ಮಕ್ವಿ’. ಅದರ ನಡುವಿನ ಧ್ವನಿ ತುಟಿಗಳನ್ನು ದುಂಡಾಗಿಸಿ ಉಚ್ಚರಿಸುವ ಬೇರೆಯೇ ವ್ಯಂಜನ. ಕೆರ್ತ್ ಆ ಧ್ವನಿಗೆ ಮೀಸಲಾಗಿದ್ದ ಅಕ್ಷರ. 6ನೆಯ ಶತಮಾನದ ಸುಮಾರಿಗೆ ಅದು ಕಕಾರದಲ್ಲಿ ಲೀನವಾಯಿತು. ‘ಮಕ್ವಿ’ಯ ಮುಂದಿನ ರೂಪವೇ ಇಂದಿನ ಐರಿಷ್ ಮನೆತನಗಳ ಹೆಸರುಗಳಲ್ಲಿ ಕಾಣುವ ‘ಮ್ಯಾಕ್’. ಇದನ್ನು ಕನ್ನಡದ ‘ಮಗ’ ಶಬ್ದದೊಡನೆ ಜೋಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಮೂಲಧ್ವನಿ ಯಾವುದೆಂದು ತಿಳಿದೊಡನೆ ಆ ಹೋಲಿಕೆ ಆಕಸ್ಮಿಕವೆಂದು ಖಚಿತವಾಗುತ್ತದೆ; ಅದೇ ಮೂಲದಿಂದ ವೆಲ್ಷ್ ಭಾಷೆಯಲ್ಲಿ ‘ಮಪ್’ ಎಂಬ ರೂಪ ಹುಟ್ಟಿದೆ.

ಈ ಸ್ಥಿತಿ ಕನ್ನಡ ವ್ಯಾಕರಣದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ಅಷ್ಟು ವಿಸ್ತಾರವಾಗಿ ವಿವರಿಸಬೇಕಾದುದು ಆ ಭೇದ ನಾಲಗೆಯಿಂದ ಜಾರುತ್ತಿದ್ದುದರಿಂದಲೇ. ರಳವೂ ಶಕಟರೇಫವೂ ಬಳಕೆಯಿಂದ ಮರೆಯಾದ ಮೇಲೆ ಅವುಗಳ ಅಕ್ಷರರೂಪವೇ ಧ್ವನಿಗೆ ಉಳಿದ ಸಾಕ್ಷಿ. ಕೆರ್ತ್ ಐರಿಷಿನ ಪಾಲಿಗೆ ಅಂಥ ಸಾಕ್ಷಿ. ಅದನ್ನು ‘ಸೇಬಿನ ಮರ’ ಎಂದು ಬರೆದ ಟೀಕೆಯನ್ನೇ ನಂಬಿದರೆ ಸಾಕ್ಷಿಯ ಬಾಯಿ ಮುಚ್ಚಿದಂತಾಗುತ್ತದೆ, ಏಕೆಂದರೆ ಸೇಬಿನ ಮರಕ್ಕೆ ಐರಿಷಿನಲ್ಲಿ ಇರುವ ಶಬ್ದ ಸ್ವರದಿಂದ ಆರಂಭವಾಗುತ್ತದೆ.

ಙೇದಲ್ ಎಂಬ ಹೆಸರಂತೂ ಪಂಡಿತರ ಕೈಚಳಕಕ್ಕೆ ಉತ್ತಮ ನಿದರ್ಶನ. ಐರಿಷಿನಲ್ಲಿ ಸ್ವತಂತ್ರ ಪದವೊಂದು ಙಕಾರದಿಂದ ಆರಂಭವಾಗುವುದಿಲ್ಲ. ಸಂಧಿಯಲ್ಲಿ ಮಾತ್ರ ಆ ಧ್ವನಿ ಪದಾದಿಗೆ ಬರುತ್ತದೆ. ಕನ್ನಡ ವರ್ಣಮಾಲೆಯ ಙಕಾರದ ಸ್ಥಿತಿಯೂ ಹೆಚ್ಚು ಕಡಮೆ ಹೀಗೆಯೇ. ಹಾಗಿರುವಾಗ ಆದಿಧ್ವನಿಯಿಂದ ಹೆಸರಿಡುವ ಪದ್ಧತಿಯಲ್ಲಿ ಙಕಾರಕ್ಕೆ ಹೆಸರೆಲ್ಲಿಂದ ಬರಬೇಕು? ಮೂಲದಲ್ಲಿ ಆ ಅಕ್ಷರ ತುಟಿ ದುಂಡಾಗಿಸಿದ ಗಕಾರಕ್ಕೆ ಸೇರಿತ್ತು. ಆ ಧ್ವನಿ ಸಾಮಾನ್ಯ ಗಕಾರದಲ್ಲಿ ಬೆರೆತುಹೋದಾಗ ಅಕ್ಷರ ಬರಿದಾಯಿತು. ಪಂಡಿತರು ಅದಕ್ಕೆ ಙಕಾರದ ಹೊಸ ಬೆಲೆಯನ್ನು ಕೊಟ್ಟು, ‘ಗೇದಲ್’ ಎಂಬ ಹೆಸರಿನ ಆದಿಯನ್ನು ಅನುನಾಸಿಕವಾಗಿಸಿದರು. ಊಅಥ್ ಅಕ್ಷರಕ್ಕೂ ಹೀಗೆಯೇ ಹಕಾರವನ್ನು ಅಂಟಿಸಲಾಯಿತು. ಅದರ ಮೂಲಧ್ವನಿ ಯಕಾರವೆಂದು ಮೆಕ್‌ಮೇನಸ್ ಸೂಚಿಸಿದ್ದರೆ, ಪೀಟರ್ ಸ್ಕ್ರೈವರ್ ಬೇರೊಂದು ಸಾಧ್ಯತೆಯನ್ನು ಮುಂದಿಟ್ಟಿದ್ದಾರೆ. ಇಂಥ ಚರ್ಚೆ ನಡೆಯಬಲ್ಲುದು ಹೆಸರನ್ನು ಶಬ್ದವೆಂದು ಸ್ವೀಕರಿಸಿದಾಗ ಮಾತ್ರ. ಮುಳ್ಳುಮರವೆಂದು ಒಪ್ಪಿಕೊಂಡವರಿಗೆ ಇಲ್ಲಿ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ.

ಕವಿಯ ಪಂಚಾಂಗ

ಮಧ್ಯಯುಗದ ವ್ಯಾಖ್ಯಾನ ಪಂಡಿತವಲಯದಲ್ಲಿ ಉಳಿದಿದ್ದರೆ ಹಾನಿ ಅಷ್ಟಾಗಿ ಆಗುತ್ತಿರಲಿಲ್ಲ. 1948ರಲ್ಲಿ ಆಂಗ್ಲ ಕವಿ ರಾಬರ್ಟ್ ಗ್ರೇವ್ಸ್ ‘ದಿ ವೈಟ್ ಗಾಡೆಸ್’ ಎಂಬ ಕೃತಿಯಲ್ಲಿ ಓಘಮ್ ಅಕ್ಷರಗಳಿಂದ ಹದಿಮೂರು ತಿಂಗಳ ವೃಕ್ಷಪಂಚಾಂಗವನ್ನು ಕಟ್ಟಿದ. 1685ರಲ್ಲಿ ರೊಡೆರಿಕ್ ಓ’ಫ್ಲಾಹರ್ಟಿ ಮುದ್ರಿಸಿದ್ದ ಅಕ್ಷರಪಟ್ಟಿ ಅವನಿಗೆ ಆಧಾರ. ಮಧ್ಯಯುಗದ ಯಾವ ಐರಿಷ್ ಆಕರದಲ್ಲಿಯೂ ಈ ಪಂಚಾಂಗವಿಲ್ಲ. ವಿಪರ್ಯಾಸವೆಂದರೆ, ಅವನ ಅಜ್ಜ ಚಾರ್ಲ್ಸ್ ಗ್ರೇವ್ಸ್ 19ನೆಯ ಶತಮಾನದಲ್ಲಿ ಓಘಮ್ ಶಾಸನಗಳನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದ ವಿದ್ವಾಂಸರಲ್ಲಿ ಒಬ್ಬ. ಮೊಮ್ಮಗನ ಕೃತಿ ಕಾವ್ಯಪ್ರತಿಭೆಯ ದೃಷ್ಟಿಯಿಂದ ಗಮನಾರ್ಹವೇ ಹೌದು. ಕವಿಗೆ ಆ ಸ್ವಾತಂತ್ರ್ಯವೂ ಇದೆ. ಅದನ್ನು ಇತಿಹಾಸವೆಂದು ಪಾಠ ಹೇಳುವವರಿಗೆ ಆ ಸ್ವಾತಂತ್ರ್ಯವಿಲ್ಲ. ಇಂದು ಭವಿಷ್ಯ ಹೇಳುವ ಕಡ್ಡಿಗಳು, ಜನ್ಮವೃಕ್ಷದ ಪಟ್ಟಿಗಳು ಗ್ರೇವ್ಸ್ ಹಾಕಿದ ದಾರಿಯಲ್ಲೇ ಹುಟ್ಟಿವೆ. ಅವುಗಳಿಂದ ಪರಿಚಯಗ್ರಂಥಗಳಿಗೂ ತರಗತಿಗಳಿಗೂ ಈ ಪಟ್ಟಿ ನುಸುಳುತ್ತಿದೆ.

ಆಕ್ಷೇಪಕ್ಕೆ ಉತ್ತರ

ಪರಂಪರೆಯೇ ಮರವೆಂದು ಹೇಳಿರುವಾಗ ಆಧುನಿಕ ಭಾಷಾಶಾಸ್ತ್ರಜ್ಞನಿಗೆ ಅದನ್ನು ತಳ್ಳಿಹಾಕುವ ಅಧಿಕಾರವೆಲ್ಲಿಯದು ಎಂಬ ಆಕ್ಷೇಪ ಬರಬಹುದು. ಅದು ಗೌರವಾರ್ಹವಾದ ಆಕ್ಷೇಪ. ಆದರೆ ಆ ಪರಂಪರೆ ಏಕಕಂಠದ್ದಲ್ಲ. ‘ಔರಕೆಪ್ತ್’ ಗ್ರಂಥ ನಿಮ್ರೋದನ ಗೋಪುರದ ಬಳಿ ಫೇನಿಯಸ್ ಎಂಬ ಆಚಾರ್ಯ ನಡೆಸಿದ ವಿದ್ಯಾಶಾಲೆಯ ಶ್ರೇಷ್ಠ ವ್ಯಕ್ತಿಗಳ ಹೆಸರುಗಳೇ ಅಕ್ಷರಗಳಿಗೆ ಬಂದವೆಂದು ಒಂದೆಡೆ ಹೇಳುತ್ತದೆ. ಇನ್ನೊಂದೆಡೆ, ಮರಗಳಿಂದ ಬಂದವೆಂಬುದು ಇತರರ ಅಭಿಪ್ರಾಯವೆನ್ನುತ್ತದೆ, ಅವುಗಳಲ್ಲಿ ಕೆಲವು ಮರಗಳು ಈಗ ಯಾರಿಗೂ ತಿಳಿಯವೆಂದೂ ಸೇರಿಸುತ್ತದೆ. ಮರಗಳ ಪಟ್ಟಿ ಪೂರ್ತಿಯಾಗಿ ಹೊಂದುತ್ತಿಲ್ಲವೆಂಬ ಅರಿವು ಆ ಕಾಲದ ಪಂಡಿತರಿಗೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಆದುದರಿಂದ ವೃಕ್ಷವ್ಯಾಖ್ಯಾನವನ್ನು ಎಸೆಯಬೇಕಾಗಿಲ್ಲ. ಅದರ ಕಾಲದಲ್ಲಿಟ್ಟು ಓದಬೇಕು. ಮಧ್ಯಯುಗದ ಐರಿಷ್ ಪಂಡಿತರು ತಮಗೆ ದೂರವಾಗುತ್ತಿದ್ದ ಹೆಸರುಗಳನ್ನು ಹೇಗೆ ಅರ್ಥೈಸಿಕೊಂಡರೆಂಬುದಕ್ಕೆ ಅದು ಒಳ್ಳೆಯ ಆಕರ. ಶಾಸನಕಾಲದ ಹೆಸರು, ಗೂಢೋಕ್ತಿಗಳು ಕಾಪಾಡಿದ ಅರ್ಥ, ಟೀಕಾಕಾರರು ಕಟ್ಟಿದ ಮರ, ಗ್ರೇವ್ಸ್ ಕಲ್ಪಿಸಿದ ತಿಂಗಳು ಇವು ನಾಲ್ಕು ಬೇರೆ ಬೇರೆ ಕಾಲದ ಪದರಗಳು. ಓಘಮ್ ಬಗ್ಗೆ ಬರೆಯುವ ಸಂಶೋಧಕ ತಾನು ಯಾವ ಪದರದಿಂದ ಮಾತನಾಡುತ್ತಿರುವೆನೆಂದು ಪ್ರತಿ ಅಕ್ಷರಕ್ಕೂ ಹೇಳಬೇಕಾಗುತ್ತದೆ. ಅಷ್ಟು ಮಾಡಿದರೆ ಭೂರ್ಜವೂ ಓಕ್ ಮರವೂ ತಮ್ಮ ಸ್ಥಾನದಲ್ಲಿ ಭದ್ರವಾಗಿ ಉಳಿಯುತ್ತವೆ. ಅವುಗಳ ಪಕ್ಕದಲ್ಲಿ ಹೊಲ, ಕುಲುಮೆ, ಗಾಯ, ನಾಚಿದ ಮುಖ, ತಣ್ಣನೆಯ ಮಣ್ಣು ಇವೂ ಮತ್ತೆ ಓದಿಗೆ ದಕ್ಕುತ್ತವೆ.